ಮತ ನಮ್ಮದು, ಬೀಗದ ಕೈ ಯಾರದು?

ಮಾನ್ಯ ಅಧ್ಯಕ್ಷರೇ, ಹಿರಿಯರೇ, ಗೆಳೆಯರೇ,

ಆನ್‌ಲೈನ್ ಸಮುದಾಯಗಳ ಸ್ವಯಂ ಆಡಳಿತದ ಮಾತು ಬಂದಾಗಲೆಲ್ಲ ನಾವು ಚುನಾವಣೆ, ಮತದಾನ, ನಿಯಮಾವಳಿ ಎಂದು ಆರಂಭಿಸುತ್ತೇವೆ. ಅಷ್ಟು ಸಾಲದೆಂಬುದು ನನ್ನ ದೃಢವಾದ ನಂಬಿಕೆ. ಸರ್ವರ್ ಒಂದರ ಒಳಗೆ ಬಾಳುವ ಸಮಾಜದಲ್ಲಿ ಮೊದಲು ಕೇಳಬೇಕಾದದ್ದು, ಬೀಗದ ಕೈ ಯಾರ ಸೊಂಟದಲ್ಲಿದೆ ಎಂದು. ಲ್ಯಾಂಬ್ಡಾಮೂ ಎಂಬ ಆನ್‌ಲೈನ್ ಲೋಕದ ಕಥೆಯನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಆದರೂ ಅದನ್ನೇ ಎತ್ತಿಕೊಳ್ಳುತ್ತೇನೆ, ಏಕೆಂದರೆ ಈ ಪ್ರಶ್ನೆ ಅಷ್ಟು ಬಿಚ್ಚುಬಿಚ್ಚಾಗಿ ಎದುರಾದ ಸಂದರ್ಭ ಇನ್ನೊಂದಿಲ್ಲ.

1990ರಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಪಾವೆಲ್ ಕರ್ಟಿಸ್ ಅವರು ಆರಂಭಿಸಿದ ಈ ಲೋಕದಲ್ಲಿ ಚಿತ್ರಗಳೇ ಇರಲಿಲ್ಲ. ಇದ್ದದ್ದು ಬರೀ ಅಕ್ಷರ. ಕರ್ಟಿಸ್ ತಮ್ಮ ಸ್ವಂತ ಮನೆಯ ಮಾದರಿಯಲ್ಲೇ ಒಂದು ದೊಡ್ಡ ಬಂಗಲೆಯನ್ನು ಮಾತುಗಳಲ್ಲಿ ಕಟ್ಟಿದ್ದರು. ಹೊಸದಾಗಿ ಬಂದವರು ಕೋಟುಗಳನ್ನು ನೇತುಹಾಕುವ ಕತ್ತಲೆಯ ಪುಟ್ಟ ಕೋಣೆಯಲ್ಲಿ ಕಣ್ಣು ಬಿಡುತ್ತಿದ್ದರು. ಬಾಗಿಲು ತೆರೆದರೆ ನಡುಮನೆ, ಅಲ್ಲಿ ಹತ್ತಾರು ಜನರ ಹರಟೆ. ಯಾರು ಬೇಕಾದರೂ ತಮ್ಮ ಪಾಲಿಗೆ ದೊರೆತ ಡಿಸ್ಕ್ ಜಾಗದಲ್ಲಿ ಹೊಸ ಕೋಣೆ ಕಟ್ಟಬಹುದಿತ್ತು, ಹೊಸ ವಸ್ತು ಸೃಷ್ಟಿಸಬಹುದಿತ್ತು, ಪ್ರೋಗ್ರಾಂ ಬರೆಯಬಹುದಿತ್ತು. ಆದರೆ ಯಾವುದನ್ನು ಬೇಕಾದರೂ ತಿದ್ದುವ, ಅಳಿಸುವ ಅಧಿಕಾರ ಮಾತ್ರ ‘ವಿಝರ್ಡ್’ ಎಂದು ಕರೆಸಿಕೊಳ್ಳುತ್ತಿದ್ದ ಕೆಲವೇ ಜನರ ಕೈಯಲ್ಲಿತ್ತು.

ಜನ ಹೆಚ್ಚಿದಂತೆ ಜಗಳಗಳೂ ಹೆಚ್ಚಿದವು. ಪ್ರತಿಯೊಂದು ಜಗಳವೂ ತಮ್ಮ ಬಾಗಿಲಿಗೇ ಬರುತ್ತಿದ್ದುದರಿಂದ ಬಸವಳಿದ ವಿಝರ್ಡ್‌ಗಳ ಪರವಾಗಿ 1992ರ ಡಿಸೆಂಬರಿನಲ್ಲಿ ಕರ್ಟಿಸ್ ಒಂದು ಪ್ರಕಟಣೆ ಹೊರಡಿಸಿದರು. ಇನ್ನು ಮುಂದೆ ವಿಝರ್ಡ್‌ಗಳು ತಾಂತ್ರಿಕ ಕೆಲಸವನ್ನಷ್ಟೇ ನೋಡಿಕೊಳ್ಳುತ್ತಾರೆ, ಸಾಮಾಜಿಕ ತೀರ್ಮಾನಗಳು ನಿವಾಸಿಗಳಿಗೇ ಸೇರಿದವು ಎಂಬುದು ಅದರ ತಿರುಳು. ಕೇಳುವುದಕ್ಕೆ ಇದು ಸ್ವಾತಂತ್ರ್ಯದ ಘೋಷಣೆಯೇ ಸರಿ. ಆದರೆ ಸಭೆ ಸೇರಲು, ತೀರ್ಮಾನಿಸಲು, ತೀರ್ಮಾನಿಸಿದ್ದನ್ನು ಜಾರಿಗೆ ತರಲು ಬೇಕಾದ ಯಾವ ವ್ಯವಸ್ಥೆಯನ್ನೂ ಆ ಪ್ರಕಟಣೆ ಕೊಟ್ಟಿರಲಿಲ್ಲ.

ಮೂರೇ ತಿಂಗಳಲ್ಲಿ, 1993ರ ಮಾರ್ಚ್‌ನಲ್ಲಿ, ಪರೀಕ್ಷೆ ಎದುರಾಯಿತು. ಮಿಸ್ಟರ್ ಬಂಗಲ್ ಎಂಬ ಹೆಸರಿನ ಪಾತ್ರಧಾರಿಯೊಬ್ಬ ನಡುಮನೆಗೆ ಬಂದು, ಒಂದು ಮಾಟದ ಗೊಂಬೆಯ ಪ್ರೋಗ್ರಾಂ ಬಳಸಿ, ಇತರರ ಪಾತ್ರಗಳು ತಾವಾಗಿಯೇ ಅಸಹ್ಯ ಲೈಂಗಿಕ ಕೃತ್ಯಗಳಲ್ಲಿ ತೊಡಗಿರುವಂತೆ ಎಲ್ಲರ ಪರದೆಯ ಮೇಲೆ ಸಾಲು ಸಾಲಾಗಿ ಬರೆಯಿಸಿದ. ಪಾತ್ರದ ಒಡತಿ ತನ್ನ ಮನೆಯಲ್ಲಿ ಕೀಬೋರ್ಡ್ ಮುಟ್ಟದೆ ಕುಳಿತಿದ್ದರೂ, ಅವಳ ಹೆಸರಿನಲ್ಲಿ ವಾಕ್ಯಗಳು ಬರುತ್ತಲೇ ಇದ್ದವು.

ಆಮೇಲಿನ ಚರ್ಚೆಯಲ್ಲಿ ಎದ್ದ ಒಂದು ವಾದದ ಬಳಿ ತುಸು ನಿಲ್ಲೋಣ, ಏಕೆಂದರೆ ಇಂದಿಗೂ ಅದೇ ಮಾತು ಕೇಳಿಬರುತ್ತದೆ. ‘ಗ್ಯಾಗ್’ ಎಂಬ ಆಜ್ಞೆಯೊಂದಿತ್ತು. ಅದನ್ನು ಬಳಸಿದರೆ ಬೇಡವಾದವನ ಮಾತು ನಿಮ್ಮ ಪರದೆಯ ಮೇಲೆ ಬರುವುದಿಲ್ಲ. ಬಂಗಲ್‌ನನ್ನು ಗ್ಯಾಗ್ ಮಾಡಿದ್ದರೆ ಮುಗಿಯುತ್ತಿತ್ತಲ್ಲ ಎಂದು ಕೆಲವರು ಕೇಳಿದರು. ಆದರೆ ಗ್ಯಾಗ್ ಮಾಡಿದವಳ ಕಣ್ಣಿಗೆ ಕಾಣಿಸದಿದ್ದುದು ಆ ಕೋಣೆಯಲ್ಲಿದ್ದ ಉಳಿದವರೆಲ್ಲರ ಕಣ್ಣಿಗೂ ಕಾಣಿಸುತ್ತಲೇ ಇರುತ್ತಿತ್ತು. ಅವಮಾನ ನಡೆದದ್ದು ನಾಲ್ಕು ಜನರ ನಡುವೆ. ಪರಿಹಾರ ಮಾತ್ರ ಅವಳೊಬ್ಬಳೇ ಕಣ್ಣು ಮುಚ್ಚಿಕೊಳ್ಳುವುದೆಂದರೆ ಅಲ್ಲಿ ಸಮುದಾಯವೆಂಬುದೇ ಇಲ್ಲವೆಂದಾಗುತ್ತದೆ. ಇಂದು ಬ್ಲಾಕ್ ಗುಂಡಿಯನ್ನು ತೋರಿಸಿ ಕೈತೊಳೆದುಕೊಳ್ಳುವ ಸಂಸ್ಥೆಗಳಿಗೂ ನನ್ನ ಉತ್ತರ ಇದೇ.

ಬಂಗಲ್‌ನ ಪಾತ್ರವನ್ನು ಶಾಶ್ವತವಾಗಿ ಅಳಿಸಿಹಾಕಬೇಕೆಂಬ ಕೂಗೆದ್ದಿತು. ನಿವಾಸಿಗಳು ಸಭೆ ಸೇರಿದರು, ಗಂಟೆಗಟ್ಟಲೆ ವಾದಿಸಿದರು, ಒಮ್ಮತಕ್ಕೆ ಬರಲಾಗದೆ ಚದುರಿದರು. ಆಮೇಲೆ ಒಬ್ಬ ವಿಝರ್ಡ್, ತಾನೊಬ್ಬನೇ ಯೋಚಿಸಿ, ಆಜ್ಞೆ ಒತ್ತಿ ಬಂಗಲ್‌ನನ್ನು ಅಳಿಸಿದ. ಶಿಕ್ಷೆ ಯೋಗ್ಯವಾದದ್ದೇ ಎಂದು ನಾನು ಭಾವಿಸುತ್ತೇನೆ. ಆದರೂ ಅದು ಸಭೆಯ ತೀರ್ಪಾಗಿರಲಿಲ್ಲ. ಬೀಗದ ಕೈ ಇದ್ದವನ ತೀರ್ಪಾಗಿತ್ತು.

ಪ್ರವಾಸದಿಂದ ಮರಳಿದ ಕರ್ಟಿಸ್ ಇದನ್ನು ಮನಗಂಡು ಮನವಿ ಮತ್ತು ಮತದಾನದ ಪದ್ಧತಿಯನ್ನು ಜಾರಿಗೆ ತಂದರು. ನಿವಾಸಿ ಬರೆದ ಮನವಿಗೆ 10 ಸಹಿ ದೊರೆತರೆ ಅದು ವಿಝರ್ಡ್‌ಗಳ ಪರಿಶೀಲನೆಗೆ ಹೋಗಬಹುದಿತ್ತು. ಅಲ್ಲಿ ಪಾಸಾಗಿ ಇನ್ನಷ್ಟು ಸಹಿ ಪಡೆದರೆ ಮತಕ್ಕೆ ಬರುತ್ತಿತ್ತು. ವಿರೋಧಕ್ಕಿಂತ ಎರಡು ಪಟ್ಟು ಬೆಂಬಲ ಸಿಕ್ಕರೆ ವಿಝರ್ಡ್‌ಗಳು ಅದನ್ನು ಜಾರಿಗೆ ತರಬೇಕಿತ್ತು. ವ್ಯಾಜ್ಯಗಳಿಗೆ ಪಂಚಾಯಿತಿದಾರರು ಬಂದರು, ಡಿಸ್ಕ್ ಜಾಗದ ಹಂಚಿಕೆಗೆ ನಿವಾಸಿಗಳದೇ ಮಂಡಳಿ ಬಂದಿತು. ಇಷ್ಟೆಲ್ಲ ಕಟ್ಟಿದ ಆ ಜನರ ಶ್ರದ್ಧೆಯನ್ನು ನಾನು ತುಂಬು ಗೌರವದಿಂದ ನೆನೆಯುತ್ತೇನೆ. ಆದರೆ ಸೂಕ್ಷ್ಮವಾಗಿ ನೋಡಿ: ಮನವಿಯನ್ನು ಮತಕ್ಕೆ ಬಿಡುವವರೂ ವಿಝರ್ಡ್‌ಗಳೇ, ಗೆದ್ದ ಮನವಿಯನ್ನು ಕೋಡ್ ಆಗಿ ಬರೆಯುವವರೂ ಅವರೇ.

1996ರ ಮೇ ತಿಂಗಳಲ್ಲಿ ವಿಝರ್ಡ್‌ಗಳು ಮತ್ತೊಂದು ಪ್ರಕಟಣೆ ಹೊರಡಿಸಿ, ಸಾಮಾಜಿಕ ಪರಿಣಾಮವಿರುವ ಕ್ರಮಗಳಿಂದ ಇನ್ನು ದೂರ ಉಳಿಯುವುದಿಲ್ಲವೆಂದು ಸಾರಿದರು. ತಾಂತ್ರಿಕ ಎಂಬುದನ್ನೂ ಸಾಮಾಜಿಕ ಎಂಬುದನ್ನೂ ಬೇರ್ಪಡಿಸುವ ಗೆರೆಯೇ ಸುಳ್ಳೆಂಬುದನ್ನು ಅವರು ಅನುಭವದಿಂದ ಕಂಡಿದ್ದರು. ಅನೇಕರು ಇದನ್ನು ದ್ರೋಹವೆಂದರು. ನಾನು ಹಾಗೆ ಹೇಳಲಾರೆ. ಯಾರಿಗೆ ಎಷ್ಟು ಜಾಗ, ಯಾವ ಆಜ್ಞೆ ಯಾರಿಗೆ ಲಭ್ಯ ಎಂಬುದೆಲ್ಲ ರಾಜಕೀಯವೇ ಆಗಿರುವಾಗ, ತಾವು ಬರೀ ಮೆಕ್ಯಾನಿಕ್‌ಗಳೆಂದು ಅವರು ಹೇಳುತ್ತಲೇ ಇದ್ದಿದ್ದರೆ ಅದು ಪ್ರಾಮಾಣಿಕವಾಗುತ್ತಿರಲಿಲ್ಲ.

ಸಮಯ ಮುಗಿಯುತ್ತಿರುವುದರಿಂದ ಉಳಿದವನ್ನು ಮುಟ್ಟಿ ಮುಂದೆ ಹೋಗುತ್ತೇನೆ. 1986ರ ಹ್ಯಾಬಿಟ್ಯಾಟ್ ಎಂಬ ಆನ್‌ಲೈನ್ ಆಟದ ಲೋಕದಲ್ಲಿ ನಿವಾಸಿಗಳು ಕಾವಲಿಗೆಂದು ಶೆರಿಫ್ ಒಬ್ಬನನ್ನು ಚುನಾಯಿಸಿದ್ದರು, ಅಧಿಕಾರ ಮಾತ್ರ ಅವನಿಗೆ ಹೆಸರಿಗಷ್ಟೇ. ಈವ್ ಆನ್‌ಲೈನ್ ಆಟಗಾರರು 2008ರಿಂದ ತಮ್ಮ ಪರಿಷತ್ತನ್ನು ಚುನಾಯಿಸುತ್ತಿದ್ದಾರೆ. ಆ ಆಟವನ್ನು ನಡೆಸುವ ಐಸ್‌ಲ್ಯಾಂಡಿನ ಕಂಪನಿ ಪರಿಷತ್ತಿನ ಸಲಹೆ ಕೇಳುತ್ತದೆ, ತೀರ್ಮಾನ ತನ್ನಲ್ಲೇ ಇಟ್ಟುಕೊಳ್ಳುತ್ತದೆ.

ಆಟದ ಲೋಕವಲ್ಲದಿದ್ದರೂ ಕನ್ನಡ ವಿಕಿಪೀಡಿಯ ನಮ್ಮದೇ ಆನ್‌ಲೈನ್ ಸಮುದಾಯ. ಅಲ್ಲಿಯೂ ಸರ್ವರ್ ವಿಕಿಮೀಡಿಯ ಪ್ರತಿಷ್ಠಾನದ್ದೇ. ಆದರೆ ಎರಡು ವ್ಯತ್ಯಾಸಗಳಿವೆ. ನಿರ್ವಾಹಕರು ಪುಟ ಅಳಿಸಿದರೆ, ಯಾರನ್ನಾದರೂ ತಡೆದರೆ, ಅದು ಎಲ್ಲರಿಗೂ ಕಾಣುವ ದಾಖಲೆಯಲ್ಲಿ ಹೆಸರು ಸಹಿತ ಉಳಿಯುತ್ತದೆ. ಇನ್ನು, ಬರಹವೆಲ್ಲ ಮುಕ್ತ ಪರವಾನಗಿಯಲ್ಲಿರುವುದರಿಂದ, ಸಮುದಾಯಕ್ಕೆ ಬೇಸರವಾದರೆ ಎಲ್ಲವನ್ನೂ ಪ್ರತಿ ಮಾಡಿಕೊಂಡು ಬೇರೆಡೆ ಬಿಡಾರ ಹೂಡಬಹುದು. ಲ್ಯಾಂಬ್ಡಾಮೂವಿನ ತಂತ್ರಾಂಶವೂ ಎಲ್ಲರಿಗೂ ದೊರೆಯುತ್ತಿತ್ತು, ಅದರಿಂದ ಎಷ್ಟೋ ಹೊಸ ಲೋಕಗಳು ಹುಟ್ಟಿದವು. ಆದರೆ ನಿವಾಸಿಗಳು ವರ್ಷಗಟ್ಟಲೆ ಕಟ್ಟಿದ ಕೋಣೆಗಳೆಲ್ಲ ಒಂದೇ ಡೇಟಾಬೇಸಿನೊಳಗೆ ಉಳಿದಿದ್ದವು. ಬೀಗದ ಕೈ ನಮ್ಮದಾಗದ ಕಡೆ, ಅದನ್ನು ಹಿಡಿದವರ ಕೆಲಸ ಬಯಲಲ್ಲಿ ನಡೆಯಬೇಕು, ಬಿಟ್ಟುಹೋಗುವವರು ತಾವು ಕಟ್ಟಿದ್ದನ್ನು ಒಯ್ಯುವಂತಿರಬೇಕು. ಈ ಎರಡನ್ನು ಬಿಟ್ಟುಕೊಟ್ಟು ಮತದಾನವನ್ನಷ್ಟೇ ಪಡೆದುಕೊಳ್ಳುವ ಒಪ್ಪಂದಕ್ಕೆ ನಾನು ಸಹಿ ಹಾಕಲಾರೆ.

ಸಭೆಯಲ್ಲಿ ವಿಕಿಪೀಡಿಯದ ಖಾತೆ ಇರುವವರು ಇದ್ದೀರೆಂದು ನಂಬಿದ್ದೇನೆ. ಅಲ್ಲಿನ ಅರಳಿ ಕಟ್ಟೆ ಎಂಬ ಚರ್ಚಾಪುಟದಲ್ಲಿ ಮುಂದಿನ ಚರ್ಚೆ ನಡೆಯುವಾಗ ದಯವಿಟ್ಟು ಹೋಗಿ ನಿಮ್ಮ ಅಭಿಪ್ರಾಯವನ್ನು ಕಾರಣ ಸಹಿತ ಬರೆಯಿರಿ. ನಮಸ್ಕಾರ.