ಇಪ್ಪತ್ತು ತಿಂಗಳು ನಿಮ್ದು, ಇಪ್ಪತ್ತು ತಿಂಗಳು ನಮ್ದು

ಕೇಳುಗರಿಗೆಲ್ಲ ನಮಸ್ಕಾರ. ಸಮ್ಮಿಶ್ರ ಸರ್ಕಾರ ಅಂದ ತಕ್ಷಣ ಎಲ್ರಿಗೂ ನೆನಪಾಗೋದು ಅದು ಬಿದ್ದಿದ್ದು ಹೇಗೆ ಅನ್ನೋದು, ರೆಸಾರ್ಟು, ಬಸ್ಸು, ರಾಜೀನಾಮೆ ಪತ್ರ, ಇವೇ. ನಾನು ಇವತ್ತು ಅದಕ್ಕಿಂತ ಸ್ವಲ್ಪ ಹಿಂದಕ್ಕೆ ಹೋಗ್ತೀನಿ, ಸರ್ಕಾರ ಹುಟ್ಟೋಕೆ ಮುಂಚೆ ಮುಚ್ಚಿದ ಬಾಗಿಲ ಹಿಂದೆ ಒಂದು ಚೌಕಾಸಿ ನಡೆಯುತ್ತಲ್ಲ, ಕುರ್ಚಿ ಯಾರಿಗೆ, ಎಷ್ಟು ದಿನಕ್ಕೆ, ಹಣಕಾಸು ಯಾರಿಗೆ, ನಿಗಮ ಮಂಡಳಿ ಯಾರಿಗೆ ಅಂತ, ಅದರ ಬಗ್ಗೆ ಮಾತಾಡ್ತೀನಿ. ನಂಗನ್ಸೋದು, ಸರ್ಕಾರ ಬೀಳೋ ರೀತಿ ಅವತ್ತೇ ಅರ್ಧ ತೀರ್ಮಾನ ಆಗಿರುತ್ತೆ.

ಉದಾಹರಣೆಗೆ ದೂರ ಹೋಗೋದೇ ಬೇಡ, ನಮ್ ವಿಧಾನಸೌಧದಲ್ಲೇ ಬೇಕಾದಷ್ಟಿದೆ. 2004ರ ಎಲೆಕ್ಷನ್‌ ನೆನಪಿದ್ಯಾ? 224 ಸೀಟಲ್ಲಿ ಬಿಜೆಪಿಗೆ 79, ಕಾಂಗ್ರೆಸ್‌ಗೆ 65, ಜೆಡಿಎಸ್‌ಗೆ 58. ಯಾರಿಗೂ ಬಹುಮತಕ್ಕೆ ಬೇಕಾದ 113 ಇಲ್ಲ. ಆಗ ಮುಖ್ಯಮಂತ್ರಿ ಆಗಿದ್ದ ಕಾಂಗ್ರೆಸ್‌ನ ಎಸ್.ಎಂ. ಕೃಷ್ಣ ಅವರೇ ಮುಂದುವರೀಲಿ ಅನ್ನೋದಕ್ಕೆ ಜೆಡಿಎಸ್ ಒಪ್ಪೋ ಹಾಗಿರ್ಲಿಲ್ಲ, ಐದು ವರ್ಷ ಅವರ ಮೇಲೇ ಬೈದು ವೋಟು ಕೇಳಿದೋರು ಹೇಗೆ ಒಪ್ತಾರೆ ಹೇಳಿ. ರಿಸಲ್ಟ್ ಬಂದು ಎರಡು ವಾರ ಎಳೆದಾಡಿ ಕೊನೆಗೆ ಮೇ 28ಕ್ಕೆ ಕಾಂಗ್ರೆಸ್‌ನ ಧರಂ ಸಿಂಗ್ ಮುಖ್ಯಮಂತ್ರಿ ಆದ್ರು, ಜೆಡಿಎಸ್ ಕಡೆಯಿಂದ ಸಿದ್ದರಾಮಯ್ಯ ಉಪಮುಖ್ಯಮಂತ್ರಿ. ಹೌದು, ಆಗ ಸಿದ್ದರಾಮಯ್ಯನವ್ರು ಜೆಡಿಎಸ್‌ನಲ್ಲಿದ್ರು, ಈಗಿನ ಹುಡುಗರಿಗೆ ಇದನ್ನ ಹೇಳಿದ್ರೆ ನಂಬಲ್ಲ. ಮುಂದಿನ ವರ್ಷನೇ ಅವರನ್ನ ಆ ಸ್ಥಾನದಿಂದ ತೆಗೆದು ಎಂ.ಪಿ. ಪ್ರಕಾಶ್ ಅವರನ್ನ ಕೂರಿಸಿದ್ರು. ಗಮನಿಸಿ, ಬಿರುಕು ಮೊದಲು ಕಾಣಿಸಿಕೊಂಡಿದ್ದು ಎರಡು ಪಕ್ಷಗಳ ಮಧ್ಯೆ ಅಲ್ಲ, ಒಂದು ಪಕ್ಷದ ಒಳಗೇ.

2006ರ ಜನವರಿಲಿ ಜೆಡಿಎಸ್‌ನ ಕುಮಾರಸ್ವಾಮಿ ಶಾಸಕರನ್ನ ಕಟ್ಕೊಂಡು ಹೊರಗೆ ಬಂದ್ರು, ಬಿಜೆಪಿ ಜೊತೆ ಕೈಜೋಡಿಸಿದ್ರು, ಅವರ ತಂದೆ ದೇವೇಗೌಡ್ರು ಇದು ನಂಗೆ ಒಪ್ಪಿಗೆ ಇಲ್ಲ ಅಂತ ಬಹಿರಂಗವಾಗೇ ನೊಂದ್ಕೊಂಡ್ರು, ಆಮೇಲೆ ಸರಿಹೋಯ್ತು. ಈಗ ಆ ಒಪ್ಪಂದದ ಲೆಕ್ಕ ನೋಡಿ. ವಿಧಾನಸಭೆಯ ಅವಧಿ ಇನ್ನೂ ಹತ್ತಿರ ಹತ್ತಿರ 40 ತಿಂಗಳು ಉಳಿದಿತ್ತು, ಅದನ್ನ ಸರಿಯಾಗಿ ನಡುವೆ ಕಡಿದ್ರು, ಮೊದಲ 20 ತಿಂಗಳು ಜೆಡಿಎಸ್ ಮುಖ್ಯಮಂತ್ರಿ, ಆಮೇಲಿನ 20 ತಿಂಗಳು ಬಿಜೆಪಿ ಮುಖ್ಯಮಂತ್ರಿ. ಜನ ಇದಕ್ಕೆ ಟ್ವೆಂಟಿ ಟ್ವೆಂಟಿ ಸರ್ಕಾರ ಅಂತ ಹೆಸರಿಟ್ರು. ಫೆಬ್ರವರಿ 3ಕ್ಕೆ ಕುಮಾರಸ್ವಾಮಿ ಪ್ರಮಾಣವಚನ, ಯಡಿಯೂರಪ್ಪ ಉಪಮುಖ್ಯಮಂತ್ರಿ ಜೊತೆಗೆ ಹಣಕಾಸು ಮಂತ್ರಿ. ಮೇಲ್ನೋಟಕ್ಕೆ ಎಷ್ಟು ನ್ಯಾಯವಾಗಿದೆ ಅಲ್ವಾ, ಕುರ್ಚಿ ಇವರ ಹತ್ರ, ಬೀಗದಕೈ ಅವರ ಹತ್ರ, ಆಮೇಲೆ ಅದಲುಬದಲು.

ನ್ಯಾಯವಾಗೇ ಇತ್ತು, ಆದ್ರೆ ಒಂದು ದೊಡ್ಡ ಓಟೆ ಇತ್ತು. ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡ್ಕೊಳ್ಳುವಾಗ ಬೋರ್‌ವೆಲ್ ಇರೋ ಹೊಲ ಈ ವರ್ಷ ನೀನು ಉಳು, ಮುಂದಿನ ವರ್ಷ ನಾನು ಉಳ್ತೀನಿ ಅಂತ ಮಾತಾಡ್ಕೊಂಡ್ರೆ ಏನಾಗುತ್ತೆ ಅಂತ ಹಳ್ಳಿಲಿ ಹುಟ್ಟಿದ ಯಾರನ್ನ ಕೇಳಿದ್ರೂ ಹೇಳ್ತಾರೆ. ಮೊದಲು ಉತ್ತೋನಿಗೆ ಎರಡನೇ ವರ್ಷ ಬಿಟ್ಟುಕೊಡೋದಕ್ಕೆ ಕಾರಣನೇ ಇರಲ್ಲ, ಅವನಿಗೆ ಬರಬೇಕಾದ್ದೆಲ್ಲಾ ಬಂದಾಗಿದೆ. ಮಾತು ಮುರಿದ್ರೆ ಅವನು ಕಳ್ಕೊಳ್ಳೋದು ಹೆಸರು ಮಾತ್ರ. ಅಲ್ಲಾದ್ರೂ ಕೋರ್ಟಿಗೆ ಹೋಗಬಹುದು, ಪಾಲುಪತ್ರ ರಿಜಿಸ್ಟರ್ ಮಾಡಿಸಬಹುದು. ಪಕ್ಷಗಳ ಮಧ್ಯದ ಒಪ್ಪಂದಕ್ಕೆ ಯಾವ ಕೋರ್ಟೂ ಇಲ್ಲ. ನಮ್ ಸಂವಿಧಾನಕ್ಕೆ ಗೊತ್ತಿರೋದು ಒಂದೇ ಪ್ರಶ್ನೆ, ಸದನದಲ್ಲಿ ನಿಂಗೆ ಬಹುಮತ ಇದ್ಯಾ ಇಲ್ವಾ. ಅದನ್ನ ರಾಜಭವನದಲ್ಲಿ ಅಲ್ಲ ಸದನದಲ್ಲೇ ಪರೀಕ್ಷೆ ಮಾಡಬೇಕು ಅಂತ 1994ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೂ ನಮ್ಮ ಎಸ್.ಆರ್. ಬೊಮ್ಮಾಯಿ ಅವರ ಕೇಸಲ್ಲೇ. ಇಪ್ಪತ್ತು ತಿಂಗಳಾಯ್ತು ಕುರ್ಚಿ ಬಿಡಿಸಿಕೊಡಿ ಸ್ವಾಮಿ ಅಂತ ರಾಜ್ಯಪಾಲರಿಗೆ ಅರ್ಜಿ ಹಾಕೋಕಾಗಲ್ಲ.

2007ರ ಅಕ್ಟೋಬರ್ 3 ಬಂತು, ಹೋಯ್ತು, ಕುರ್ಚಿ ಕೈಬದಲಾಗ್ಲಿಲ್ಲ. ಬಿಜೆಪಿ ಮಂತ್ರಿಗಳು ರಾಜೀನಾಮೆ ಕೊಟ್ರು, ಬೆಂಬಲ ವಾಪಸ್ ತಗೊಂಡ್ರು, 8ನೇ ತಾರೀಕು ಕುಮಾರಸ್ವಾಮಿ ರಾಜೀನಾಮೆ ಕೊಟ್ರು, ರಾಷ್ಟ್ರಪತಿ ಆಡಳಿತ ಬಂತು. ಕಥೆ ಇಲ್ಲಿಗೆ ಮುಗೀತು ಅನ್ಕೊಂಡ್ರೆ ಅದೇ ತಿಂಗಳ ಕೊನೆಗೆ ಮತ್ತೆ ಜೆಡಿಎಸ್ ಬೆಂಬಲ ಕೊಡ್ತೀವಿ ಅಂತು, ನವೆಂಬರ್ 12ಕ್ಕೆ ಯಡಿಯೂರಪ್ಪನವ್ರು ಮೊದಲ ಸಲ ಮುಖ್ಯಮಂತ್ರಿ ಆದ್ರು, ಬಹುಮತ ಸಾಬೀತು ಮಾಡೋ ಹೊತ್ತಿಗೆ ಜೆಡಿಎಸ್ ಷರತ್ತುಗಳ ಪಟ್ಟಿ ಹಿಡ್ಕೊಂಡು ಇದಕ್ಕೆ ಸಹಿ ಹಾಕಿ ಅಂತು, ಇವರು ಹಾಕಲ್ಲ ಅಂದ್ರು, 19ಕ್ಕೆ ರಾಜೀನಾಮೆ. ಒಂದು ವಾರದ ಸರ್ಕಾರ. ಆಮೇಲೆ ವಚನಭ್ರಷ್ಟ ಅನ್ನೋ ಪದ ಊರೂರಿಗೆ ಹೋಯ್ತು. 2008ರಲ್ಲಿ ಬಿಜೆಪಿಗೆ 110 ಸೀಟು, ಜೆಡಿಎಸ್ 58ರಿಂದ 28ಕ್ಕೆ ಇಳೀತು. ಮೊದಲು ಉತ್ತೋನು ಕಳ್ಕೊಳ್ಳೋದು ಹೆಸರು ಮಾತ್ರ ಅಂದ್ನಲ್ಲ, ಆ ಹೆಸರಿನ ಬೆಲೆ 30 ಸೀಟಾಯ್ತು ಅಂತ ಹೇಳೋರಿದ್ದಾರೆ, ನಂಗೆ ಅಷ್ಟು ಸರಳ ಅನ್ಸಲ್ಲ, ಕ್ಷೇತ್ರ ಮರುವಿಂಗಡಣೆನೂ ಆಗಿತ್ತು, ಸಿದ್ದರಾಮಯ್ಯ ತಮ್ಮ ಬೆಂಬಲಿಗರ ಜೊತೆ ಕಾಂಗ್ರೆಸ್ ಸೇರಿಯಾಗಿತ್ತು. ಆದ್ರೂ ಅನುಕಂಪ ಯಾರ ಕಡೆ ಇತ್ತು ಅನ್ನೋದ್ರಲ್ಲಿ ಅನುಮಾನ ಇರ್ಲಿಲ್ಲ.

ಈ ಪಾಠ 2018ರಲ್ಲಿ ಎಲ್ರ ತಲೇಲೂ ಇತ್ತು. ಮೇ 15ಕ್ಕೆ ಎಣಿಕೆ, ಬಿಜೆಪಿ 104ಕ್ಕೆ ನಿಂತ್ಕೊಳ್ತು, ಕಾಂಗ್ರೆಸ್ 78, ಜೆಡಿಎಸ್‌ಗೆ ಅದರ ಅರ್ಧಕ್ಕಿಂತ ಕಮ್ಮಿ. ಎಣಿಕೆ ಪೂರ್ತಿ ಮುಗಿಯೋಕೆ ಮುಂಚೆನೇ ಕಾಂಗ್ರೆಸ್‌ನೋರು ಮುಖ್ಯಮಂತ್ರಿ ಸ್ಥಾನ ನೀವೇ ಇಟ್ಕೊಳ್ಳಿ ಅಂತ ದೇವೇಗೌಡ್ರಿಗೆ ಹೇಳಿಬಿಟ್ರು. ದೊಡ್ಡ ಪಕ್ಷ ಚಿಕ್ಕ ಪಕ್ಷಕ್ಕೆ ಕುರ್ಚಿ ಕೊಡೋದು, ಅದೂ ಅರ್ಧ ದಿನದಲ್ಲಿ! ಅದಾದ್ಮೇಲಿನ ನಾಲ್ಕು ದಿನ ನಿಮಗೆಲ್ಲಾ ಗೊತ್ತು, ರಾಜ್ಯಪಾಲ ವಜುಭಾಯಿ ವಾಲಾ ಯಡಿಯೂರಪ್ಪನವ್ರನ್ನ ಕರೆದಿದ್ದು, ಸುಪ್ರೀಂ ಕೋರ್ಟಲ್ಲಿ ನಡುರಾತ್ರಿ ವಿಚಾರಣೆ ಕೂತಿದ್ದು, ಶಾಸಕರು ಬಿಡದಿ ರೆಸಾರ್ಟಿಂದ ಹೈದರಾಬಾದ್ ಬಸ್ಸು ಹತ್ತಿದ್ದು, 19ಕ್ಕೆ ಯಡಿಯೂರಪ್ಪ ವೋಟಿಗೆ ಹಾಕದೇನೇ ರಾಜೀನಾಮೆ ಕೊಟ್ಟಿದ್ದು.

23ಕ್ಕೆ ಮುಖ್ಯಮಂತ್ರಿಯಾಗಿ ಕುಮಾರಸ್ವಾಮಿ, ಉಪಮುಖ್ಯಮಂತ್ರಿಯಾಗಿ ಕಾಂಗ್ರೆಸ್‌ನ ಪರಮೇಶ್ವರ್ ಇಬ್ರೇ ಪ್ರಮಾಣವಚನ ತಗೊಂಡ್ರು. ನಿಜವಾದ ಚೌಕಾಸಿ ಶುರುವಾಗಿದ್ದು ಅಲ್ಲಿಂದ. ಐದು ವರ್ಷನೂ ಕುಮಾರಸ್ವಾಮಿನೇನಾ ಅಂತ ಕೇಳಿದ್ರೆ ಪರಮೇಶ್ವರ್ ಅದನ್ನ ಇನ್ನೂ ಮಾತಾಡಿಲ್ಲ ಅಂದ್ರು, ತಕ್ಷಣ ಎಲ್ರಿಗೂ ಟ್ವೆಂಟಿ ಟ್ವೆಂಟಿ ನೆನಪಾಯ್ತು. ಹಣಕಾಸು ಖಾತೆಗೆ ದಿನಗಟ್ಟಲೆ ಜಗ್ಗಾಟ ಆಯ್ತು. ಜೆಡಿಎಸ್ ಬಿಡೋ ಹಾಗಿರ್ಲಿಲ್ಲ, ರೈತರ ಸಾಲ ಮನ್ನಾ ಮಾಡ್ತೀವಿ ಅಂತ ಮಾತು ಕೊಟ್ಟಿದ್ರು, ಸಾಲ ಮನ್ನಾದ ಫೈಲು ಬೇರೆ ಪಕ್ಷದ ಮಂತ್ರಿ ಟೇಬಲ್ ಮೇಲೆ ಕೂತ್ರೆ ಮುಗೀತು ಕಥೆ. ಕಾಂಗ್ರೆಸ್‌ಗೆ ಹಣಕಾಸು ಬಿಡೋಕೆ ಮನಸ್ಸಿಲ್ಲ, ಐದು ವರ್ಷ ಸಿದ್ದರಾಮಯ್ಯನವ್ರೇ ಅದನ್ನ ನೋಡ್ಕೊಂಡಿದ್ರು, ಅನ್ನಭಾಗ್ಯದಂಥ ಅವರ ಭಾಗ್ಯ ಯೋಜನೆಗಳೆಲ್ಲ ಅಲ್ಲೇ ಇರೋದು.

ಒಂದು ವಾರದ ಮೇಲಾಯ್ತು. ಜೂನ್ 1ಕ್ಕೆ ಪ್ರೆಸ್‌ಮೀಟಲ್ಲಿ ಕಾಂಗ್ರೆಸ್‌ನ ಕೆ.ಸಿ. ವೇಣುಗೋಪಾಲ್ ಘೋಷಣೆ ಮಾಡಿದ್ರು: ಕಾಂಗ್ರೆಸ್‌ಗೆ 22 ಮಂತ್ರಿ ಸ್ಥಾನ, ಜೆಡಿಎಸ್‌ಗೆ ಮುಖ್ಯಮಂತ್ರಿ ಸೇರಿ 12. ಒಟ್ಟು 34 ಯಾಕೆ ಅಂದ್ರೆ 2003ರ 91ನೇ ತಿದ್ದುಪಡಿ ಪ್ರಕಾರ ಸದನದ ಸಂಖ್ಯೆಯ ಶೇಕಡಾ 15ಕ್ಕಿಂತ ಜಾಸ್ತಿ ಮಂತ್ರಿ ಮಾಡೋ ಹಾಗಿಲ್ಲ. ಈ 34 ಅನ್ನೋ ಗೋಡೆನೇ ನಮ್ ಸಮ್ಮಿಶ್ರ ಸರ್ಕಾರಗಳ ಅರ್ಧ ತಲೆನೋವು. ಮೊದಲಾದ್ರೆ ಸಿಟ್ಟಾದೋರಿಗೆಲ್ಲ ಒಂದೊಂದು ಖಾತೆ ಹುಟ್ಟಿಸಿ ಕೊಡಬಹುದಿತ್ತು. ಹಣಕಾಸು, ಇಂಧನ, ಲೋಕೋಪಯೋಗಿ, ಶಿಕ್ಷಣ, ಸಾರಿಗೆ ಜೆಡಿಎಸ್‌ಗೆ, ಗೃಹ, ಜಲಸಂಪನ್ಮೂಲ, ಬೆಂಗಳೂರು ಅಭಿವೃದ್ಧಿ, ಕಂದಾಯ, ಆರೋಗ್ಯ, ಕೃಷಿ ಕಾಂಗ್ರೆಸ್‌ಗೆ. ನಿಗಮ ಮಂಡಳಿಲಿ ಮೂರರಲ್ಲಿ ಎರಡು ಪಾಲು ಕಾಂಗ್ರೆಸ್‌ಗೆ, ಒಂದು ಪಾಲು ಜೆಡಿಎಸ್‌ಗೆ. ಐದು ವರ್ಷನೂ ಕುಮಾರಸ್ವಾಮಿನೇ ಮುಖ್ಯಮಂತ್ರಿ. 2019ರ ಲೋಕಸಭೆಗೂ ಒಟ್ಟಿಗೇ ಹೋಗೋದು. ತಕರಾರು ಬಂದ್ರೆ ನೋಡೋಕೆ ಐದು ಜನರ ಸಮನ್ವಯ ಸಮಿತಿ, ಅಧ್ಯಕ್ಷರು ಸಿದ್ದರಾಮಯ್ಯ. 2006ರ ಒಪ್ಪಂದದ ಓಟೆಗಳನ್ನೆಲ್ಲಾ ಒಂದೊಂದಾಗಿ ಮುಚ್ಚಿದ್ರು ಅಂತಾನೇ ಹೇಳಬೇಕು.

ಹಾಗಾದ್ರೆ 14 ತಿಂಗಳಿಗೇ ಯಾಕೆ ಬಿತ್ತು? ಎಲ್ರೂ ಆಪರೇಷನ್ ಕಮಲ, ಅಂದ್ರೆ ಬಿಜೆಪಿ ಬೇರೆ ಪಕ್ಷದ ಶಾಸಕರನ್ನ ಸೆಳೆದಿದ್ದು ಅಂತಾರೆ, ಬಿಜೆಪಿಯವ್ರು ಅಲ್ಲ ಅವರ ಒಳಜಗಳ ಅಂತಾರೆ. ಹೊರಗಿನೋರು ಕೈ ಹಾಕಿದ್ರೂ ಕೈ ಹಾಕೋಕೆ ಸಂದಿ ಇರಬೇಕಲ್ಲ, ನಾನು ನೋಡ್ತಿರೋದು ಆ ಸಂದಿನ. ಒಪ್ಪಂದ ಮಾಡ್ಕೊಂಡೋರು ನಾಲ್ಕೈದು ಜನ, ಅದರ ಜೊತೆ ಬದುಕಬೇಕಾಗಿದ್ದು ನೂರಾ ಹದಿನೇಳು ಶಾಸಕರು, ಅವರ ಕೆಳಗಿನ ಲಕ್ಷಾಂತರ ಕಾರ್ಯಕರ್ತರು. ಅವರನ್ನ ಯಾರೂ ಕೇಳಿರ್ಲಿಲ್ಲ. ಚಾಮುಂಡೇಶ್ವರಿ ಕ್ಷೇತ್ರದಲ್ಲಿ ಸಿದ್ದರಾಮಯ್ಯನವ್ರನ್ನ ಸೋಲಿಸಿದ್ದು ಜಿ.ಟಿ. ದೇವೇಗೌಡ್ರು, ಅದೇ ಜಿ.ಟಿ.ಡಿ. ಮಂತ್ರಿ ಆದ್ರು, ಅದೇ ಸಿದ್ದರಾಮಯ್ಯ ಸಮನ್ವಯ ಸಮಿತಿ ಅಧ್ಯಕ್ಷ! ಅಷ್ಟೂ ಸಾಲದು ಅಂತ ಜಿ.ಟಿ.ಡಿ.ಗೆ ಉನ್ನತ ಶಿಕ್ಷಣ ಕೊಟ್ರು, ಅವರಿಗೆ ಅದು ಬೇಡವಾಗಿತ್ತು, ಬೇಜಾರನ್ನ ಮುಚ್ಚಿಡೋಕೂ ಹೋಗ್ಲಿಲ್ಲ. ಮೈಸೂರು, ಮಂಡ್ಯ, ಹಾಸನದಲ್ಲಿ ಈ ಎರಡು ಪಕ್ಷದೋರು ಪಂಚಾಯ್ತಿ ಎಲೆಕ್ಷನ್ನು, ಡೇರಿ ಎಲೆಕ್ಷನ್ನು ಎಲ್ಲದರಲ್ಲೂ ಒಬ್ಬರ ಮುಖ ಒಬ್ರು ನೋಡದೇ ಬೆಳೆದೋರು, ಬೆಂಗಳೂರಲ್ಲಿ ಸಹಿ ಬಿದ್ದ ತಕ್ಷಣ ಊರಲ್ಲಿ ಕೇಸುಗಳು ವಾಪಸ್ ಆಗ್ತಾವಾ?

ಅಷ್ಟರಲ್ಲಿ ಬಜೆಟ್ ಗಲಾಟೆ. ಫೆಬ್ರವರಿಲಿ ನಾನು ಮಂಡಿಸಿದ ಬಜೆಟ್ಟೇ ಇದ್ಯಲ್ಲ, ಪೂರಕ ಬಜೆಟ್ ಸಾಕು ಅನ್ನೋದು ಸಿದ್ದರಾಮಯ್ಯನವ್ರ ವಾದ. ಕುಮಾರಸ್ವಾಮಿ ಜುಲೈ 5ಕ್ಕೆ ಪೂರ್ತಿ ಬಜೆಟ್ಟೇ ಮಂಡಿಸಿದ್ರು, 34 ಸಾವಿರ ಕೋಟಿ ಸಾಲ ಮನ್ನಾ ಅಂದ್ರು, ಅದರಲ್ಲೇ ಅನ್ನಭಾಗ್ಯದ ಅಕ್ಕಿನ 7 ಕೇಜಿಯಿಂದ 5 ಕೇಜಿಗೆ ಇಳಿಸ್ತೀವಿ ಅಂದ್ರು. ಇದು ಬರೀ ಎರಡು ಕೇಜಿ ಅಕ್ಕಿ ಪ್ರಶ್ನೆ ಆಗಿರ್ಲಿಲ್ಲ, ಒಂದು ಪಕ್ಷದ ಗುರುತಿನ ಯೋಜನೆ ಕತ್ತರಿಸಿ ಇನ್ನೊಂದು ಪಕ್ಷದ ಗುರುತಿನ ಯೋಜನೆಗೆ ದುಡ್ಡು ಹೊಂದಿಸಿದ ಹಾಗೆ ಕಾಣ್ತು. ಸಿದ್ದರಾಮಯ್ಯ ಪತ್ರ ಬರೆದ್ರು, ಅಕ್ಕಿ ಮತ್ತೆ 7 ಕೇಜಿ ಆಯ್ತು. ನಾನು ಸಾಂದರ್ಭಿಕ ಶಿಶು ಅಂತ ಮುಖ್ಯಮಂತ್ರಿನೇ ಹೇಳ್ಕೊಂಡ್ರು, ಜುಲೈ ಮಧ್ಯದಲ್ಲಿ ವೇದಿಕೆ ಮೇಲೆ ಕಣ್ಣೀರು ಹಾಕಿ ವಿಷಕಂಠನ ಮಾತಾಡಿದ್ರು. ಸರ್ಕಾರಕ್ಕೆ ಆಗಿನ್ನೂ ಎರಡು ತಿಂಗಳೂ ತುಂಬಿರ್ಲಿಲ್ಲ.

ಬೆಳಗಾವಿ ಕಥೆ ಇನ್ನೂ ಸ್ವಾರಸ್ಯ. ರೈತರಿಗೆ ಸಾಲ ಕೊಡೋ ಸಹಕಾರಿ ಬ್ಯಾಂಕು, ತಾಲೂಕಿನ ಪಿಎಲ್‌ಡಿ ಬ್ಯಾಂಕ್ ಎಲೆಕ್ಷನ್ನು, ಎಲ್ಲಿಯ ಪಿಎಲ್‌ಡಿ ಬ್ಯಾಂಕು ಎಲ್ಲಿಯ ರಾಜ್ಯ ಸರ್ಕಾರ ಅನ್ಸುತ್ತೆ ಅಲ್ವಾ, ಆದ್ರೆ ಅದರ ಅಧ್ಯಕ್ಷ ಸ್ಥಾನಕ್ಕೆ ಜಾರಕಿಹೊಳಿ ಸಹೋದರರು ಒಂದು ಕಡೆ, ಲಕ್ಷ್ಮಿ ಹೆಬ್ಬಾಳ್ಕರ್ ಇನ್ನೊಂದು ಕಡೆ, ಎಲ್ರೂ ಕಾಂಗ್ರೆಸ್‌ನೋರೇ. ನಮ್ ಜಿಲ್ಲೆ ವಿಷಯದಲ್ಲಿ ಮಂತ್ರಿ ಡಿ.ಕೆ. ಶಿವಕುಮಾರ್ ಕೈ ಹಾಕ್ತಾರೆ ಅನ್ನೋ ಜಾರಕಿಹೊಳಿ ಸಹೋದರರ ಸಿಟ್ಟು ಅಲ್ಲಿಂದ ಬೆಳೀತು. ಡಿಸೆಂಬರ್ ಸಂಪುಟ ವಿಸ್ತರಣೇಲಿ ರಮೇಶ್ ಜಾರಕಿಹೊಳಿನ ತೆಗೆದು ಅವರ ತಮ್ಮ ಸತೀಶ್‌ನ ಮಂತ್ರಿ ಮಾಡಿದ್ರು. ರಾಣೆಬೆನ್ನೂರಿನ ಆರ್. ಶಂಕರ್‌ನ ತೆಗೆದ್ರು, ಆರು ತಿಂಗಳಿಗೆ ಮತ್ತೆ ಕರೆದು ಮಂತ್ರಿ ಮಾಡಿದ್ರು, ಅವರು ತಿಂಗಳೊಳಗೆ ರಾಜೀನಾಮೆ ಕೊಟ್ಟು ಹೊರಟ್ರು. ಮೇಲೆ ಸಮನ್ವಯ ಸಮಿತಿ ಸಭೆ ನಡೀತಾನೇ ಇತ್ತು.

2019ರ ಲೋಕಸಭೇಲಿ ಕೆಳಗಿನೋರು ತಮ್ಮ ಉತ್ತರ ಕೊಟ್ರು. ತುಮಕೂರಲ್ಲಿ ಕಾಂಗ್ರೆಸ್‌ನ ಹಾಲಿ ಸಂಸದ ಮುದ್ದಹನುಮೇಗೌಡ್ರ ಸೀಟನ್ನ ದೇವೇಗೌಡ್ರಿಗೆ ಬಿಡಿಸಿಕೊಟ್ರು, ಮಾಜಿ ಪ್ರಧಾನಿ ಸೋತ್ರು. ಮಂಡ್ಯದಲ್ಲಿ ಮುಖ್ಯಮಂತ್ರಿ ಮಗ ನಿಖಿಲ್ ನಿಂತ್ರು, ಪಕ್ಷೇತರ ಸುಮಲತಾ ಗೆದ್ರು, ಅವರ ಮೆರವಣಿಗೇಲಿ ಕಾಂಗ್ರೆಸ್ ಬಾವುಟ ಹಾರಾಡಿದ್ದನ್ನ ಎಲ್ರೂ ನೋಡಿದ್ವಿ. 28ರಲ್ಲಿ ಬಿಜೆಪಿಗೆ 25, ಈ ಎರಡು ಪಕ್ಷಕ್ಕೆ ತಲಾ ಒಂದು. ಎರಡು ಪಕ್ಷದ ವೋಟು ಕೂಡಿಸಿದ್ರೆ ಇಷ್ಟಾಗುತ್ತೆ ಅಂತ ಬೆಂಗಳೂರಲ್ಲಿ ಹಾಕಿದ ಲೆಕ್ಕ ಊರಲ್ಲಿ ಕೂಡ್ಲೇ ಇಲ್ಲ.

ಜುಲೈನಲ್ಲಿ ರಾಜೀನಾಮೆಗಳು ಶುರುವಾದ್ವು, ಶಾಸಕರು ಮುಂಬೈ ಹೋಟೆಲಲ್ಲಿ, ಜುಲೈ 23ಕ್ಕೆ ವಿಶ್ವಾಸಮತದಲ್ಲಿ 99ಕ್ಕೆ 105, ಸರ್ಕಾರ ಹೋಯ್ತು. ಸ್ಪೀಕರ್ ರಮೇಶ್ ಕುಮಾರ್ 17 ಜನರನ್ನ ಅನರ್ಹ ಮಾಡಿದ್ರು. ಡಿಸೆಂಬರ್ ಉಪಚುನಾವಣೇಲಿ 15ರಲ್ಲಿ 12 ಬಿಜೆಪಿ ಗೆಲ್ತು, ಪಕ್ಷ ಬದಲಾಯಿಸಿ ಗೆದ್ದ ಹನ್ನೊಂದು ಜನ ಈಗ ನಮಗೇನು ಅಂತ ಹೊಸ ಮುಖ್ಯಮಂತ್ರಿ ಯಡಿಯೂರಪ್ಪನವ್ರ ಮನೆ ಮುಂದೆ ನಿಂತ್ರು. ಒಂದೇ ಪಕ್ಷದ ಸರ್ಕಾರ, ಆದ್ರೂ ಚೌಕಾಸಿ ಅದೇ, ಯಾವ ಖಾತೆ, ಯಾವ ಜಿಲ್ಲೆ ಉಸ್ತುವಾರಿ. ಎರಡು ತಿಂಗಳು ಕಾಯಿಸಿ 2020ರ ಫೆಬ್ರವರಿ 6ಕ್ಕೆ ಹತ್ತು ಜನರನ್ನ ಮಂತ್ರಿ ಮಾಡಿದ್ರು. ಸಮ್ಮಿಶ್ರ ಸರ್ಕಾರದಲ್ಲಿ ಡಿ.ಕೆ. ಶಿವಕುಮಾರ್ ಹತ್ರ ಇದ್ದ ಜಲಸಂಪನ್ಮೂಲ ಖಾತೆ ಈ ಸಲ ಹೋಗಿದ್ದು ಬಿಜೆಪಿ ಸೇರಿದ್ದ ರಮೇಶ್ ಜಾರಕಿಹೊಳಿಗೆ. ನಮಸ್ಕಾರ.