ಸುತ್ತೋಲೆ 14 ಮತ್ತು ಬೋರ್ಡೋದ ಕಾನ್ಸಲ್

ಎಲ್ಲರಿಗೂ ನಮಸ್ಕಾರ. ಇವತ್ತು ಮಾತಾಡೋದು ಅರಿಸ್ಟಿಡಿಸ್ ಡಿ ಸೋಸಾ ಮೆಂಡಿಸ್ ಅವರ ಬಗ್ಗೆ. 1940ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಪೋರ್ಚುಗಲ್‌ನ ಕಾನ್ಸಲ್, ಅಂದರೆ ಹೊರದೇಶದ ಊರಿನಲ್ಲಿದ್ದು ವೀಸಾ ಕೊಡುವಂಥ ಕೆಲಸ ನೋಡಿಕೊಳ್ಳುವ ಅಧಿಕಾರಿ, ಆಗಿದ್ದವರು. ಅವರ ಕತೆಯನ್ನು ಹೇಳುವವರು ಸಾಮಾನ್ಯವಾಗಿ ಹೀಗೆ ಹೇಳುತ್ತಾರೆ: ಮೂರು ದಿನ ಹಾಸಿಗೆ ಹಿಡಿದು ಮಲಗಿದ್ದರು, ಎದ್ದು ಬಂದಾಗ ಬೇರೆಯೇ ಮನುಷ್ಯ, ಬಂದವರಿಗೆಲ್ಲ ವೀಸಾ ಕೊಟ್ಟುಬಿಟ್ಟರು. ಮಲಗಿದ್ದು ನಿಜ. ಆದರೆ ಅವರು ಆದೇಶ ಮೀರೋಕೆ ಶುರು ಮಾಡಿದ್ದು ಅದಕ್ಕೂ ಆರೇಳು ತಿಂಗಳು ಮೊದಲೇ. ನನಗೆ ಆ ಭಾಗವೇ ಜಾಸ್ತಿ ಮುಖ್ಯ ಅನಿಸುತ್ತದೆ.

1939ರ ನವೆಂಬರ್ 11ರಂದು, ಎರಡನೇ ಮಹಾಯುದ್ಧ ಶುರುವಾಗಿದ್ದ ಹೊತ್ತಿನಲ್ಲಿ, ಪೋರ್ಚುಗಲ್ ರಾಜಧಾನಿ ಲಿಸ್ಬನ್‌ನಿಂದ ಒಂದು ಸುತ್ತೋಲೆ ಹೊರಟಿತು. ನಂಬರ್ 14. ಯಾವ ದೇಶಕ್ಕೂ ಸೇರದವರು, ರಷ್ಯನ್ನರು, ತಮ್ಮ ದೇಶದಿಂದ ಹೊರದಬ್ಬಿಸಿಕೊಂಡ ಯಹೂದಿಗಳು, ಇಂಥವರಿಗೆಲ್ಲ ಲಿಸ್ಬನ್ನನ್ನು ಕೇಳದೆ ವೀಸಾ ಕೊಡಬಾರದು ಅಂತ. ಹೊರಡಿಸಿದ್ದು ಸಲಾಜಾರ್ ಸರ್ಕಾರ. ಅದೇ ಸಲಾಜಾರ್, ನಮ್ಮ ಕಾರವಾರದ ಪಕ್ಕದ ಗೋವಾವನ್ನು 1961ರ ತನಕ ಬಿಡದೆ ಹಿಡಿದುಕೊಂಡಿದ್ದವರು. ಆಗ ಪ್ರಧಾನಿಯೂ ಅವರೇ, ವಿದೇಶಾಂಗ ಮಂತ್ರಿಯೂ ಅವರೇ. ಹಾಗಾಗಿ ಕಾನ್ಸಲ್ ಒಬ್ಬ ಆದೇಶ ಮೀರಿದರೆ ಮೀರಿದ್ದು ನೇರವಾಗಿ ಸಲಾಜಾರ್ ಮಾತನ್ನೇ.

ಸುತ್ತೋಲೆ ಬಂದು ಎರಡೇ ವಾರಕ್ಕೆ ಸೋಸಾ ಮೆಂಡಿಸ್, ಅರ್ನಾಲ್ಡ್ ವಿಜ್ನಿಟ್ಸರ್ ಅನ್ನುವ ಆಸ್ಟ್ರಿಯಾದ ಯಹೂದಿ ಪ್ರಾಧ್ಯಾಪಕರಿಗೆ ವೀಸಾ ಕೊಟ್ಟರು. ಮೊದಲು ಕೊಟ್ಟರು, ಆಮೇಲೆ ಅನುಮತಿ ಕೇಳಿದರು! ಲಿಸ್ಬನ್ ಕಾರಣ ಕೇಳಿತು. ಕೊಡದಿದ್ದರೆ ಆ ಪ್ರಾಧ್ಯಾಪಕರನ್ನು ಬಂಧನ ಶಿಬಿರಕ್ಕೆ ಹಾಕುತ್ತಿದ್ದರು, ಅವರ ಹೆಂಡತಿ ಮಗ ಬೀದಿಗೆ ಬೀಳುತ್ತಿದ್ದರು ಅಂತ ಸೋಸಾ ಮೆಂಡಿಸ್ ಉತ್ತರ ಬರೆದರು. 1940ರ ಮಾರ್ಚ್‌ನಲ್ಲಿ ಸ್ಪೇನಿನಿಂದ ಓಡಿಬಂದಿದ್ದ ಒಬ್ಬ ವೈದ್ಯರ ವಿಷಯದಲ್ಲೂ ಇದೇ ಆಯಿತು. ಈ ಸಲ ಖಡಕ್ ಎಚ್ಚರಿಕೆ ಬಂತು. ಅಂದರೆ ಜೂನ್‌ನಲ್ಲಿ ಮತ್ತೆ ಆದೇಶ ಮೀರಿದರೆ ತನಗೆ ಏನಾಗಬಹುದು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. 14 ಮಕ್ಕಳನ್ನು ಹೆತ್ತ ಸಂಸಾರ, ವಯಸ್ಸು ಐವತ್ತು ದಾಟಿತ್ತು.

ಜೂನ್ 14ಕ್ಕೆ ಪ್ಯಾರಿಸ್ ಹಿಟ್ಲರನ ಜರ್ಮನ್ ಸೇನೆಯ ಕೈಗೆ ಬಿತ್ತು. ಫ್ರೆಂಚ್ ಸರ್ಕಾರವೇ ಬೋರ್ಡೋಗೆ ಓಡಿ ಬಂತು, ಅದರ ಹಿಂದೆ ಲಕ್ಷಗಟ್ಟಲೆ ಜನ. ಇವರೆಲ್ಲ ಪೋರ್ಚುಗಲ್ ವೀಸಾಕ್ಕೇ ಯಾಕೆ ಮುಗಿಬಿದ್ದರು ಅಂದರೆ, ಅದು ಇದ್ದರೆ ಸ್ಪೇನ್ ತನ್ನ ನೆಲ ದಾಟೋಕೆ ಬಿಡುತ್ತಿತ್ತು, ಲಿಸ್ಬನ್ ತಲುಪಿದರೆ ಅಮೆರಿಕಕ್ಕೆ ಹಡಗು ಸಿಗುವ ಆಸೆ ಇತ್ತು. ಕಾನ್ಸಲ್ ಕಚೇರಿ ಮತ್ತು ಮನೆ ಒಂದೇ ಕಟ್ಟಡದಲ್ಲಿ. ಮೆಟ್ಟಿಲು, ಕುರ್ಚಿ, ನೆಲ, ಎಲ್ಲಿ ನೋಡಿದರೂ ನಿರಾಶ್ರಿತರು.

ಆ ಗುಂಪಿನಲ್ಲಿದ್ದ ಖಾಯಿಮ್ ಕ್ರೂಗರ್ ಅನ್ನುವ ರಬ್ಬಿಯನ್ನು, ಅಂದರೆ ಯಹೂದಿ ಧರ್ಮಗುರುವನ್ನು, ಸೋಸಾ ಮೆಂಡಿಸ್ ಮನೆಯೊಳಗೆ ಕರೆದುಕೊಂಡರು, ನಿನಗೂ ನಿನ್ನ ಮನೆಯವರಿಗೂ ವೀಸಾ ಕೊಡುತ್ತೇನೆ ಅಂದರು. ಕ್ರೂಗರ್ ಬೇಡ ಅಂದರು. ಹೊರಗಿರುವ ನಮ್ಮವರೆಲ್ಲರಿಗೂ ಕೊಡದಿದ್ದರೆ ನನಗೊಬ್ಬನಿಗೆ ಯಾಕೆ ಅಂತ. ಕೈಯಲ್ಲಿ ಹೆಂಡತಿ ಮಕ್ಕಳಿದ್ದು ಹಾಗೆ ಹೇಳೋದು ಸುಮ್ನೆ ಮಾತಾ? ಈ ಕತೆಯಲ್ಲಿ ಕ್ರೂಗರ್‌ಗೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ ಅನ್ನೋದು ನನ್ನ ತಕರಾರು.

ಸೋಸಾ ಮೆಂಡಿಸ್ ಹಾಸಿಗೆ ಹಿಡಿದದ್ದು ಇದಾದ ಮೇಲೆಯೇ. ಜೂನ್ 17ಕ್ಕೆ ಎದ್ದವರು ಎಲ್ಲರಿಗೂ ವೀಸಾ ಕೊಡುತ್ತೇನೆ ಅಂದರು. ಶುಲ್ಕ ಇಲ್ಲ. ಕ್ರೂಗರ್ ಪಾಸ್‌ಪೋರ್ಟ್‌ಗಳನ್ನು ರಾಶಿ ರಾಶಿ ತಂದು ಕೊಡುತ್ತಿದ್ದರು, ಇನ್ನೊಬ್ಬರು ಸೀಲು ಒತ್ತುತ್ತಿದ್ದರು, ಇವರು ಸಹಿ ಹಾಕುತ್ತಿದ್ದರು. ಉದ್ದದ ಸಹಿಗೆ ಹೊತ್ತಾಗುತ್ತದೆ ಅಂತ ಬರೀ 'ಮೆಂಡಿಸ್' ಅಂತ ಗೀಚೋಕೆ ಶುರು ಮಾಡಿದರು. ಆಮೇಲೆ ಬಯೋನ್ ಊರಿಗೆ ಹೋದರು. ಅಲ್ಲಿನ ಕಾನ್ಸಲ್ ಕಚೇರಿ ಸುತ್ತೋಲೆ ಹಿಡಿದುಕೊಂಡು ಕೂತಿತ್ತು. ನಾನು ನಿಮ್ಮ ಮೇಲಿನವನು, ಕೊಡಿ ಅಂತ ಅಲ್ಲೂ ಕೊಡಿಸಿದರು. ಅಲ್ಲಿಂದ ಗಡಿಯ ಆಂದಾಯ್‌ಗೂ ಹೋದರು. ಸ್ಪೇನಿನಲ್ಲಿದ್ದ ಪೋರ್ಚುಗಲ್ ರಾಯಭಾರಿ ಗಡಿಗೆ ಬಂದು ನೋಡಿ, ಈ ಮನುಷ್ಯನಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ ಅಂತ ವರದಿ ಮಾಡಿದರು. ಜೂನ್ 24ಕ್ಕೆ ಸಲಾಜಾರ್ ವಾಪಸ್ ಕರೆಸಿಕೊಂಡರು.

ಇಲಾಖಾ ವಿಚಾರಣೆ ನಡೆಯಿತು. ನಾನು ಮಾಡಿಲ್ಲ ಅಂತ ಇವರು ಹೇಳಲಿಲ್ಲ, ಆ ಜನರನ್ನು ಉಳಿಸಬೇಕು ಅಂತಲೇ ಮಾಡಿದೆ ಅಂದರು. ಒಂದು ವರ್ಷ ಅರ್ಧ ಸಂಬಳ, ಆಮೇಲೆ ನಿವೃತ್ತಿ, ಇದು ಅಕ್ಟೋಬರ್‌ನಲ್ಲಿ ಸಲಾಜಾರ್ ಕೊಟ್ಟ ಶಿಕ್ಷೆ. ಲಿಸ್ಬನ್‌ಗೆ ಬಂದು ಮುಟ್ಟಿದ ನಿರಾಶ್ರಿತರಿಗೆ ಜಾಗ ಕೊಟ್ಟ ದೇಶ ಅನ್ನುವ ಒಳ್ಳೆ ಹೆಸರು ಮಾತ್ರ ಸರ್ಕಾರಕ್ಕೆ ಬಂತು. ಇತ್ತ ಇವರ ಸಂಸಾರ ಲಿಸ್ಬನ್‌ನ ಯಹೂದಿಗಳು ನಿರಾಶ್ರಿತರಿಗೆ ನಡೆಸುತ್ತಿದ್ದ ಊಟದ ಮನೆಯಲ್ಲಿ ಉಣ್ಣುವ ಸ್ಥಿತಿಗೆ ಬಂತು. ಸಾಲ ಏರಿತು, ಮಕ್ಕಳು ಒಬ್ಬೊಬ್ಬರಾಗಿ ದೇಶ ಬಿಟ್ಟರು. 1954ರ ಏಪ್ರಿಲ್ 3ರಂದು ತೀರಿಕೊಂಡರು. ನಾಜಿಗಳು ಕೊಂದ ಯಹೂದಿಗಳ ನೆನಪಿನ ಸಂಸ್ಥೆ, ಇಸ್ರೇಲಿನ ಯಾದ್ ವಾಶೆಮ್, 1966ರಲ್ಲೇ ಇವರನ್ನು ಗೌರವಿಸಿತು. ಅವರ ಸ್ವಂತ ದೇಶದ ಸಂಸತ್ತು ಕೆಲಸಕ್ಕೆ ಮರಳಿ ಸೇರಿಸಿದ್ದು 1988ರಲ್ಲಿ, ಸತ್ತ 34 ವರ್ಷಕ್ಕೆ.

ಕೊನೆಗೆ ಲೆಕ್ಕದ ಮಾತು. 30,000 ವೀಸಾ, ಅದರಲ್ಲಿ 10,000 ಯಹೂದಿಗಳಿಗೆ ಅಂತ ಎಲ್ಲೆಡೆ ಓದುತ್ತೀರಿ. ಬೋರ್ಡೋ ರಿಜಿಸ್ಟರ್‌ನಲ್ಲಿ ಸಿಗುವುದು ಕೆಲವೇ ಸಾವಿರ, ಹಾಗಾಗಿ ಇದು ಉತ್ಪ್ರೇಕ್ಷೆ ಅನ್ನುವ ಇತಿಹಾಸಕಾರರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಆದರೆ ಒಂದು ವೀಸಾದಲ್ಲಿ ಇಡೀ ಕುಟುಂಬ ದಾಟಿದ್ದುಂಟು, ಬಯೋನ್ ಮತ್ತು ಆಂದಾಯ್‌ನಲ್ಲಿ ಕೊಟ್ಟದ್ದು ಬೋರ್ಡೋ ಪುಸ್ತಕದಲ್ಲಿ ಇರೋದಿಲ್ಲ, ಕೊನೆಯ ದಿನಗಳ ಗಡಿಬಿಡಿಯಲ್ಲಿ ಎಲ್ಲವನ್ನೂ ಬರೆದಿಡಲೂ ಇಲ್ಲ. ದೊಡ್ಡ ಸಂಖ್ಯೆಯನ್ನು ಕಣ್ಣುಮುಚ್ಚಿ ಹೇಳಬೇಡಿ ಅಂತಷ್ಟೇ ನನ್ನ ಕೋರಿಕೆ. ಪ್ರಶ್ನೆಗಳಿದ್ದರೆ ಈಗ ಕೇಳಿ.