ಕಾಕಾ ಹೇಳಿದ ಕ್ಲೈಮ್ಯಾಕ್ಸ್

ಕೇಳುಗರಿಗೆಲ್ಲ ನಮಸ್ಕಾರ.

ರೇಡಿಯೊದಲ್ಲಿ ಕೂತು ಟಿವಿಯನ್ನು ಹೊಗಳುವುದು ತವರುಮನೆಯಲ್ಲಿ ಕೂತು ಅತ್ತೆಮನೆಯನ್ನು ಹೊಗಳಿದ ಹಾಗೆ. ಯಾರಿಗಾದರೂ ಸಿಟ್ಟು ಬರಬಹುದು. ಅದಕ್ಕೆ ಇಡೀ ಟಿವಿಯ ತಂಟೆಗೆ ಹೋಗುವುದಿಲ್ಲ. ರಾತ್ರಿ ಹೊತ್ತು ಬರುತ್ತಿದ್ದ ಸಿನಿಮಾದ ಬಗ್ಗೆ ಮಾತ್ರ ಮಾತಾಡುತ್ತೇನೆ.

1990ರ ಆಸುಪಾಸು. ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮದು ದೊಡ್ಡ ಮನೆ, ಅಂದರೆ ಜನ ಜಾಸ್ತಿ ಇದ್ದ ಮನೆ. ಊರಿಗೆ ಆಗಿನ್ನೂ ಗುಲ್ಬರ್ಗ ಅನ್ನುವ ಹೆಸರು. ಕೇಬಲ್ ಬಂದಿರಲಿಲ್ಲ. ದೂರದರ್ಶನ ಏನು ಕೊಟ್ಟರೆ ಅದೇ ಪ್ರಸಾದ. ನಮ್ಮದು ಬ್ಲ್ಯಾಕ್ ಅಂಡ್ ವೈಟ್ ಸೆಟ್ಟು. ಅದಕ್ಕೊಂದು ಕಟ್ಟಿಗೆಯ ಶಟರ್, ಅದಕ್ಕೊಂದು ಕೀಲಿ. ಕೀಲಿ ಇರುತ್ತಿದ್ದದ್ದು ಆಯಿಯ ಸೆರಗಿನ ಗಂಟಿನಲ್ಲಿ. ಗಾಜಿನ ಮುಂದೆ ನೀಲಿ ಬಣ್ಣದ ಪ್ಲಾಸ್ಟಿಕ್ ಹಾಳೆ ಬೇರೆ. ಅದನ್ನು ಹಾಕಿದ ಮೇಲೆ ನಮ್ಮದೂ ಕಲರ್ ಟಿವಿ ಅಂತ ನಾವು ಶಾಲೆಯಲ್ಲಿ ಹೇಳಿಕೊಂಡು ತಿರುಗಿದ್ದುಂಟು.

ರವಿವಾರ ಮಧ್ಯಾಹ್ನ ಬೇರೆ ಬೇರೆ ಭಾಷೆಯ ಸಿನಿಮಾ ಬರುತ್ತಿದ್ದವು. ಕನ್ನಡದ ಸರದಿ ಬರುವವರೆಗೆ ಯಾವ್ಯಾವುದೋ ಭಾಷೆಯ ಅಳು ನೋಡಿ ನಾವೂ ಅಳುತ್ತಿದ್ದೆವು. ಆದರೆ ಅದು ಹಗಲಿನ ಮಾತು. ಅದನ್ನು ನೋಡಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ರಾತ್ರಿ ಸಿನಿಮಾ ಹಾಗಲ್ಲ. ಇಂಗ್ಲಿಷ್ ವಾರ್ತೆ ಮುಗಿಯಬೇಕು, ಅಪ್ಪ ಎದ್ದು ಮಲಗಲು ಹೋಗಬೇಕು, ಆಯಿ ಸೆರಗಿನ ಗಂಟು ಬಿಚ್ಚಬೇಕು. ಒಂದಕ್ಷರ ತಿಳಿಯದಿದ್ದರೂ ಆ ಇಂಗ್ಲಿಷ್ ವಾರ್ತೆಯನ್ನು ಪರೀಕ್ಷೆಗೆ ಓದಿದವರ ಹಾಗೆ ಪೂರ್ತಿ ಕೇಳುತ್ತಿದ್ದೆವು.

ಬೇಸಿಗೆಯಲ್ಲಿ ಟಿವಿಯೂ ನಮ್ಮ ಜೊತೆ ಮಾಳಿಗೆ ಹತ್ತುತ್ತಿತ್ತು. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. 42, 43 ಡಿಗ್ರಿ ಅಂದರೆ ಯಾರೂ ಹುಬ್ಬು ಹಾರಿಸುವುದಿಲ್ಲ. ಶಹಾಬಾದಿ ಫರಸಿ ಹಗಲೆಲ್ಲ ಕಾದಿರುತ್ತದೆ. ಸಂಜೆ ಕೊಡಗಟ್ಟಲೆ ನೀರು ಹೊಯ್ದರೆ ಚುಂಯ್ ಅಂದು ಅಷ್ಟನ್ನೂ ಕುಡಿಯುತ್ತದೆ, ಆಮೇಲೂ ಬಿಸಿ ಬಿಸಿ ಉಸಿರು ಬಿಡುತ್ತದೆ. ಅದರ ಮೇಲೆ ಚಾಪೆ, ಚಾಪೆಯ ಮೇಲೆ ಕೌದಿ. ಕೌದಿಯ ಮೇಲೆ ನಾವು ಒಂಬತ್ತು ಹುಡುಗರು, ನಡುವೆ ಒಂದು ಬುಟ್ಟಿ ಚುರುಮುರಿ. ಕೆಳಗಿನ ಕೋಣೆಯಿಂದ ವೈರ್ ಎಳೆದು ಸ್ಟೂಲಿನ ಮೇಲೆ ಟಿವಿ ಇಡುತ್ತಿದ್ದರು. ಪಕ್ಕದ ಮಾಳಿಗೆಯವರು ಅವರ ಗೋಡೆಗೆ ಒರಗಿ ನೋಡುತ್ತಿದ್ದರು. ಆಚೆ ಮನೆಯ ಅಜ್ಜನಿಗೆ ಚಿತ್ರ ಕಾಣುತ್ತಿರಲಿಲ್ಲ, ಮಾತು ಮಾತ್ರ ಕೇಳುತ್ತಿತ್ತು. "ಈಗ ಯಾರ್ ಬಂದಾರ?" ಅಂತ ಕತ್ತಲಲ್ಲಿ ಕೂಗಿ ಕೇಳುತ್ತಿದ್ದ.

ರಾತ್ರಿಯೇ ಯಾಕೆ ಅಷ್ಟು ಚೆಂದ ಅನ್ನಿಸುತ್ತಿತ್ತು? ಒಂದು ಕಾರಣ ವೋಲ್ಟೇಜು. ಸಂಜೆ ಊರಿನ ಎಲ್ಲಾ ಮನೆಯಲ್ಲೂ ದೀಪ, ಫ್ಯಾನು, ಕೂಲರು. ಟಿವಿಯ ಚಿತ್ರ ನಾಲ್ಕೂ ಕಡೆಯಿಂದ ಕುಗ್ಗಿ ಅಂಚೆ ಕಾರ್ಡಿನಷ್ಟಾಗುತ್ತಿತ್ತು. ಸ್ಟೆಬಿಲೈಸರ್ ಕಟಕಟ ಅಂದು ಸಾಯುತ್ತಿತ್ತು. ಹತ್ತು ಗಂಟೆ ದಾಟಿ ಊರು ದೀಪ ಆರಿಸಿದರೆ ಚಿತ್ರ ತಾನಾಗಿ ಅರಳಿಕೊಳ್ಳುತ್ತಿತ್ತು. ಇನ್ನೊಂದು ಕಾರಣ ನಮ್ಮ ಸೋದರಮಾವನಿಂದ ತಿಳಿದದ್ದು. ಅವರು ಬೀದರಿನವರು. ಎತ್ತರದ ಪೈಪಿಗೆ ಅಂಟೆನಾ ಕಟ್ಟಿ, ಬೂಸ್ಟರ್ ಹಾಕಿ, ಹೈದರಾಬಾದಿನ ಕಡೆ ಮುಖ ಮಾಡಿ ನಿಲ್ಲಿಸಿದ್ದರು. ಹಗಲು ಬರೀ ಚುಕ್ಕಿ. ರಾತ್ರಿ ನೆಲ ತಣ್ಣಗಾದ ಮೇಲೆ ತೆಲುಗು ಸಿನಿಮಾ ತೊಳೆದಿಟ್ಟ ಹಾಗೆ ಬರುತ್ತಿತ್ತಂತೆ. ಕೆಳಗೆ ತಂಪು ಗಾಳಿ, ಮೇಲೆ ಬೆಚ್ಚನೆ ಗಾಳಿ ನಿಂತರೆ ಟಿವಿಯ ಅಲೆ ಸೀದಾ ಆಕಾಶಕ್ಕೆ ಹೋಗದೆ ನೆಲದ ಕಡೆ ಬಾಗಿ ದೂರ ಸಾಗುತ್ತದೆ. ಇದು ನಾನು ಕಾಲೇಜಿನಲ್ಲಿ ಓದಿದ್ದು. ಮಾಮಾ ಹೇಳುತ್ತಿದ್ದದ್ದು ಬೇರೆ: "ರಾತ್ರಿ ರಸ್ತಾ ಖಾಲಿ ಇರ್ತದಲ್ಲ, ಅದಕ್ಕ ಲಗೂನ ಬರ್ತದ."

ನಮ್ಮ ಮನೆಯ ಅಂಟೆನಾ ಕಾಕಾನ ಸುಪರ್ದಿಯಲ್ಲಿತ್ತು. ಅವನು ಮೇಲೆ, ನಾವು ಕೆಳಗೆ.

"ಬಂತೇನ್ಲೇ?"

"ಇಲ್ಲ ಕಾಕಾ, ಜರಾ ಆ ಕಡಿ!"

"ಈಗ?"

"ಬಂತು ಬಂತು! ಹೋತು!"

ಕಾಕಾನಿಗೆ ಈ ಅಧಿಕಾರ ಸುಮ್ನೆ ಬಂದದ್ದಲ್ಲ. 1975ರ ಆಗಸ್ಟ್‌ನಲ್ಲಿ ಉಪಗ್ರಹದಿಂದ ಹಳ್ಳಿಗಳಿಗೆ ಟಿವಿ ತೋರಿಸುವ ಪ್ರಯೋಗ ಶುರುವಾಯಿತು. ಸೈಟ್ ಅಂತ ಅದರ ಹೆಸರು. ಆರು ರಾಜ್ಯಗಳ ಸುಮಾರು 2400 ಹಳ್ಳಿ. ಕರ್ನಾಟಕದಲ್ಲಿ ಅದು ಬಂದದ್ದು ಗುಲ್ಬರ್ಗ, ರಾಯಚೂರು, ವಿಜಾಪುರ ಜಿಲ್ಲೆಗಳಿಗೆ. ಆಗ ಕಾಕಾ ಇನ್ನೂ ಹಳ್ಳಿಯಲ್ಲಿದ್ದ. ಪಕ್ಕದ ಊರಿನ ಶಾಲೆಯ ಮುಂದೆ ಕೋಳಿ ಗೂಡಿಗೆ ಹಾಕುವಂಥ ಜಾಲರಿಯಿಂದ ಮಾಡಿದ ದೊಡ್ಡ ಛತ್ರಿ ನೆಟ್ಟಿದ್ದರಂತೆ. ದಿನಾ ಸಂಜೆ ನಡೆದು ಹೋಗಿ, ಬೀಜ, ಗೊಬ್ಬರ, ಆರೋಗ್ಯ ಅಂತ ಏನು ಬಂದರೂ ಬಾಯಿ ತೆರೆದು ನೋಡಿ ಬರುತ್ತಿದ್ದ. ಒಂದೇ ವರ್ಷಕ್ಕೆ ಪ್ರಯೋಗ ಮುಗಿಯಿತು, ಛತ್ರಿ ಉಳಿಯಿತು. ಆಮೇಲೆ 1977ರಲ್ಲಿ ಗುಲ್ಬರ್ಗಕ್ಕೇ ಟ್ರಾನ್ಸ್‌ಮಿಟರ್ ಬಂತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ನಮ್ಮ ಕಡೆ ಮೊದಲು ಬಂದು ಬೆಂಗಳೂರಿಗೆ ಆಮೇಲೆ ಹೋದದ್ದು ಇನ್ನೇನಿದೆ ಹೇಳಿ? ಕಾಕಾ ಈ ಮಾತನ್ನು ಮದುವೆ ಮನೆಗಳಲ್ಲೂ ಹೇಳುತ್ತಿದ್ದ.

ಈಗ ಅಸಲು ವಿಷಯ. ರಾತ್ರಿ ಸಿನಿಮಾ ಸಾಕಷ್ಟು ನೋಡಿದ್ದೇನೆ, ಆದರೆ ಪೂರ್ತಿ ನೋಡಿದ್ದು ಬೆರಳೆಣಿಕೆ. ಅರ್ಧಕ್ಕೆ ನಿದ್ದೆ ಬರುತ್ತಿತ್ತು. ನಿದ್ದೆ ಬರದಿದ್ದರೆ ಕರೆಂಟ್ ಹೋಗುತ್ತಿತ್ತು. ಕರೆಂಟ್ ಇದ್ದರೆ 'ರುಕಾವಟ್ ಕೆ ಲಿಯೇ ಖೇದ್ ಹೈ' ಅನ್ನುವ ಪಟ್ಟಿ ಬಂದು ಕೂತುಬಿಡುತ್ತಿತ್ತು. ಹೀಗಾಗಿ ನನ್ನ ತಲೆಯಲ್ಲಿ ಕೊನೆಯೇ ಇಲ್ಲದ ಸಿನಿಮಾಗಳ ರಾಶಿ ಇದೆ. ಜೈಲಿನ ಬಾಗಿಲಲ್ಲಿ ನಿಂತ ಒಬ್ಬ ತಾಯಿ, ಮಳೆಯಲ್ಲಿ ಓಡುವ ಒಂದು ಟಾಂಗಾ. ಅಲ್ಲಿಗೇ ನಿಂತಿವೆ.

ಮುಂದಿನ ಕತೆಗೆ ಕಾಕಾನೇ ಗತಿ. ಕೊನೆಯವರೆಗೆ ಎಚ್ಚರ ಇರುತ್ತಿದ್ದವನು ಅವನೊಬ್ಬನೇ. ಬೆಳಿಗ್ಗೆ ಬಚ್ಚಲ ಒಲೆಗೆ ತೊಗರಿಕಟ್ಟಿಗೆ ತುರುಕುತ್ತ ಹೇಳುತ್ತಿದ್ದ. ತಾಯಿಗೆ ಮಗ ಸಿಕ್ಕ. ಟಾಂಗಾದವನು ಸಾಲ ತೀರಿಸಿದ. ಕುದುರೆಗೂ ಏನೂ ಆಗಲಿಲ್ಲ. ಕೇಳಿಸಿಕೊಂಡು ನೆಮ್ಮದಿಯಿಂದ ಸ್ನಾನಕ್ಕೆ ಹೋಗುತ್ತಿದ್ದೆವು. ಕರೆಂಟ್ ಹೋದ ರಾತ್ರಿಯ ಸಿನಿಮಾಕ್ಕೂ ಅವನ ಹತ್ತಿರ ಕೊನೆ ಇರುತ್ತಿತ್ತು ಅನ್ನುವುದು ನಮಗೆ ಯಾಕೆ ಹೊಳೆಯಲಿಲ್ಲವೋ!

ಆಮೇಲೆ ಕೇಬಲ್ ಬಂತು, 24 ಗಂಟೆ ಸಿನಿಮಾ ಬಂತು. ಅದೆಲ್ಲ ನಿಮಗೆ ಗೊತ್ತಿರುವುದೇ. ದೂರದರ್ಶನದ ಹಳೇ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು 2022ರ ಹೊತ್ತಿಗೆ ಬಹುಪಾಲು ಕಡೆ ಬಂದ್ ಮಾಡಿದರು. ನಮ್ಮ ಮಾಳಿಗೆಯ ಪೈಪ್ ಮಾತ್ರ ಇನ್ನೂ ಇದೆ. ಅದಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತೇವೆ.

ಹೋದ ಬೇಸಿಗೆ ಒಂದು ರಾತ್ರಿ ನಿದ್ದೆ ಬರದೆ ಮೊಬೈಲ್ ನೋಡುತ್ತಿದ್ದೆ. ಅದೇ ಟಾಂಗಾ, ಅದೇ ಮಳೆ ಎದುರಿಗೆ ಬಂತು. ಎದ್ದು ಕೂತು ಕೊನೆಯವರೆಗೆ ನೋಡಿದೆ. ಟಾಂಗಾದವನು ಸಾಯುತ್ತಾನೆ. ಕುದುರೆ ಒಂದೇ ಮನೆಗೆ ಬರುತ್ತದೆ.

ಬೆಳಿಗ್ಗೆ ಕಾಕಾನಿಗೆ ಫೋನ್ ಮಾಡಿದೆ. ಅವನಿಗೀಗ ವಯಸ್ಸಾಗಿದೆ, ಕಿವಿ ಸ್ವಲ್ಪ ಮಂದ. ಎರಡು ಸಲ ಕೂಗಿ ಹೇಳಬೇಕಾಯಿತು.

"ಕಾಕಾ, ಆ ಟಾಂಗಾದವ ಸಾಯ್ತಾನಲ್ಲೋ! ನೀ ಸಾಲ ತೀರಿಸ್ದ ಅಂತ ಹೇಳಿದ್ದಿ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಹ್ಞೂ, ಸಾಯ್ತಾನ. ನೀ ಆವಾಗ ಆರನೇ ಕ್ಲಾಸಿನ್ಯಾಗ ಇದ್ದಿ. ಮುಂಜಾನೆ ನಿಂದು ಗಣಿತ ಪರೀಕ್ಷಾ ಇತ್ತು."